ಸಾಸಿವೆಯಷ್ಟು ತೂತು

ದೊಡ್ಡ ಮೇಸ್ತ್ರಿಯ ಕಿವಿಯೊಳಗೆ ಗಾಳಿ ಬಿಟ್ಟವನು ಚಿಕ್ಕ ಮೇಸ್ತ್ರಿ. ಬಿಡು ಎಂದವರು ದೊಡ್ಡ ಮೇಸ್ತ್ರಿಯೇ. ಈ ಎರಡು ವಾಕ್ಯಗಳಲ್ಲಿ ಯಾವುದು ಮೊದಲು ಬರಬೇಕು ಎಂದು ಚಿಕ್ಕ ಮೇಸ್ತ್ರಿ ಮೂರು ತಿಂಗಳು ಯೋಚಿಸಿದ. ಪ್ರತಿಸಲವೂ ತೀರ್ಪು ತನ್ನ ವಿರುದ್ಧವೇ ಬರುವ ಹಾಗೆ ನೋಡಿಕೊಂಡ.

ಇಬ್ಬರೂ ಕಾರು ರಿಪೇರಿಯವರು. ಸಂಬಂಧದಲ್ಲಿ ಭಾವ, ಭಾವಮೈದ. ಮುಖ್ಯರಸ್ತೆಯಿಂದ ಒಂದು ತಿರುವು ಒಳಗೆ, ಟೈರಂಗಡಿಗೂ ಗಾಜು ಕತ್ತರಿಸುವವನ ಅಂಗಡಿಗೂ ನಡುವೆ ಅವರ ಗ್ಯಾರೇಜು. ಚಿಕ್ಕವನು ಹತ್ತೊಂಬತ್ತನೇ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಅಕ್ಕನ ಮನೆಗೆ ಬಂದು ಮೂಲೆ ಹಿಡಿದು ಕೂತಿದ್ದಾಗ, ಭಾವ ಏನೂ ಬುದ್ಧಿ ಹೇಳದೆ ಕೈಗೊಂದು ಸ್ಪ್ಯಾನರ್ ಕೊಟ್ಟಿದ್ದರು. ಅದನ್ನು ಅವನು ಕೆಳಗಿಟ್ಟಿರಲಿಲ್ಲ. ಈಗ ಅವನಿಗೆ ನಲವತ್ತೆರಡು.

ಭಾವನ ಹೆಸರು ನಿಂತಿದ್ದೇ ಅವರ ಎಡಗಿವಿಯ ಮೇಲೆ. ಬೇರೆ ಗ್ಯಾರೇಜುಗಳಲ್ಲಿ ಕಂಪ್ಯೂಟರ್ ಹಚ್ಚಿ ನೋಡುವುದನ್ನು ಅವರು ಒಂದು ಉದ್ದನೆಯ ಸ್ಕ್ರೂಡ್ರೈವರಿನಲ್ಲಿ ಮುಗಿಸುತ್ತಿದ್ದರು. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತರೆ ಮುಗಿಯಿತು. ‘ಎರಡನೇ ಸಿಲಿಂಡರ್, ಟ್ಯಾಪೆಟ್ ಸಡಿಲ’ ಎಂದರೆ ಅದು ಎರಡನೆಯದೇ, ಟ್ಯಾಪೆಟ್ಟೇ. ಗಿರಾಕಿಗಳು ಏನೇ ಕಥೆ ಹೇಳಿದರೂ ಅವರು ನಂಬುತ್ತಿರಲಿಲ್ಲ. ‘ನಾನೇನೂ ಮಾಡಿಲ್ಲ ಮೇಸ್ತ್ರಿ, ತಾನಾಗೇ ನಿಂತೋಯ್ತು’ ಎಂದವನನ್ನು, ‘ಸರಿ ಸ್ವಾಮಿ, ತಾನಾಗೇ ಎಷ್ಟು ಹೊತ್ತು ನೀರಲ್ಲಿ ನಿಂತಿತ್ತು?’ ಎಂದು ಕೇಳುವ ಜಾತಿ.

ಆ ಸೋಮವಾರ ಬೆಳಿಗ್ಗೆ ಅವರು ಸ್ನಾನ ಮುಗಿಸಿ ಬಂದಾಗಿನಿಂದ ತಲೆ ವಾರೆ ಮಾಡಿಕೊಂಡು ಒಂದೇ ಕಾಲಿನ ಮೇಲೆ ಕುಣಿಯುತ್ತಿದ್ದರು.

“ನೀರು ಹೋಗಿ ಕೂತಿದೆ ಕಣೋ. ಬಕೆಟ್ಟೊಳಗೆ ತಲೆ ಇಟ್ಟ ಹಾಗಿದೆ. ಗಾಳಿ ಬಿಡು.”

ಗ್ಯಾರೇಜಿನಲ್ಲಿ ಏನೇ ಕಟ್ಟಿಕೊಂಡರೂ ಮದ್ದು ಒಂದೇ. ಪೆಟ್ರೋಲ್ ಪೈಪು, ಫಿಲ್ಟರು, ಜೆಟ್ಟು, ಕೊನೆಗೆ ಗೋಡೆಗಡಿಯಾರ, ಎಲ್ಲಕ್ಕೂ ಕಂಪ್ರೆಸರಿನ ಗನ್ ಹಿಡಿದು ಒಂದು ಸಲ ಫುಸ್ ಎನ್ನಿಸಿದರೆ ದಾರಿ ತೆರೆದುಕೊಳ್ಳುತ್ತಿತ್ತು. ಕಿವಿಯೂ ಒಂದು ಪೈಪೇ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಆ ಪೈಪಿನ ಕೊನೆಯಲ್ಲಿ ಏನಿದೆ ಎಂದು ಮಾತ್ರ ಇಬ್ಬರೂ ಬಿಚ್ಚಿ ನೋಡಿರಲಿಲ್ಲ.

“ಬೇಡ ಭಾವ, ಕಿವಿ ಅದು,” ಎಂದ ಚಿಕ್ಕವನು.

“ಗೊತ್ತು ಮಾರಾಯ, ನನ್ನದೇ. ದೂರದಿಂದ ಬಿಡು. ಒಂದೇ ಸಲ.”

ಒಂದು ಗೇಣು ದೂರದಿಂದ, ಒಂದೇ ಸಲ, ಚಿಟಿಕೆ ಹೊಡೆಯುವಷ್ಟು ಹೊತ್ತು ಬಿಟ್ಟ. ‘ಫಟ್’ ಎಂದದ್ದು ದೊಡ್ಡ ಮೇಸ್ತ್ರಿಗೆ ಮಾತ್ರ ಕೇಳಿಸಿತು. ಅವರು ಪಕ್ಕದ ಟೈರಿನ ಮೇಲೆ ಕೂತರು, ಎರಡೂ ಕೈಯಲ್ಲಿ ಟೈರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮುಖ ಸುಣ್ಣದಂತಾಗಿತ್ತು. ಬಹಳ ಹೊತ್ತಿನ ಮೇಲೆ, “ನೀರು ಹೋಯ್ತು,” ಎಂದರು.

ಕಿವಿಯ ಬಾಯಲ್ಲಿ ಒಂದು ಹನಿ ರಕ್ತವಿತ್ತು. ಚಿಕ್ಕವನ ಕೈಯಲ್ಲಿ ಗನ್ ಇನ್ನೂ ಇತ್ತು.

“ನಿನ್ನ ಅಕ್ಕನಿಗೆ ಹೇಳ್ಬೇಡ,” ಎಂದರು ಭಾವ.

ಅಕ್ಕ ಪ್ರಾಥಮಿಕ ಶಾಲೆಯ ಮೇಡಂ. ಇಪ್ಪತ್ತಾರು ವರ್ಷ ಐವತ್ತು ಮಕ್ಕಳ ತರಗತಿಯನ್ನು ಬೆತ್ತವಿಲ್ಲದೆ, ಬರಿಯ ಗಂಟಲಿನಿಂದ ಆಳಿದವಳು. ಸಂಜೆ ಗಂಡ ಮಾತಿಗೆಲ್ಲ ‘ಆಂ?’ ಎನ್ನುವುದನ್ನು ಕಂಡು, ಕಿವಿನೋವೆಂದು ತಿಳಿದು, ಎಣ್ಣೆ ಬೆಚ್ಚಗೆ ಮಾಡಿ ಚಮಚ ಹಿಡಿದು ಬಂದಳು. ವೈದ್ಯಶಾಸ್ತ್ರ ಚಿಕ್ಕವನಿಗೆ ಗೊತ್ತಿರಲಿಲ್ಲ, ಆದರೆ ಎಂಜಿನ್ನಿನ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಗೊತ್ತಿತ್ತು.

“ಬೇಡ ಅಕ್ಕ! ಪ್ಯಾಕಿಂಗ್ ಹೋಗಿರೋ ಕಡೆ ಎಣ್ಣೆ ಸುರಿಯಬಾರದು. ಎಲ್ಲೆಲ್ಲಿಗೋ ಇಳಿದುಬಿಡುತ್ತೆ.”

“ಇದು ನಿನ್ನ ಭಾವನ ತಲೆ ಕಣೋ, ಲಾರಿ ಅಲ್ಲ.”

“ಡಾಕ್ಟರ್ ನೋಡಲಿ ಮೊದಲು. ನಡೀರಿ ಭಾವ, ಏಳಿ.” ಭಾವನನ್ನು ಅವನು ರಟ್ಟೆ ಹಿಡಿದು ಎಬ್ಬಿಸಿದ್ದು ಅದೇ ಮೊದಲು. ಅಕ್ಕ ಚಮಚ ಹಿಡಿದುಕೊಂಡೇ ನೋಡುತ್ತ ನಿಂತಳು.

ಕಿವಿ ಡಾಕ್ಟರಮ್ಮನ ಕೋಣೆ ಚಿಕ್ಕದು, ಚೊಕ್ಕಟವಾಗಿತ್ತು. ಗೋಡೆಯ ಮೇಲೆ ಕಿವಿಯನ್ನು ಅಡ್ಡಕ್ಕೆ ಸೀಳಿದಂಥ ದೊಡ್ಡ ಚಿತ್ರ. ಡಾಕ್ಟರಮ್ಮ ಪೆನ್ನಿನಷ್ಟು ದಪ್ಪದ ಕ್ಯಾಮೆರಾವನ್ನು ಮೆಲ್ಲಗೆ ಒಳಗಿಟ್ಟು, ಪರದೆಯನ್ನು ಇವರತ್ತ ತಿರುಗಿಸಿದರು.

“ಇದು ಕಿವಿಯ ತಮಟೆ. ಹೊರಗಿನ ಶಬ್ದ ಇದಕ್ಕೆ ಬಡಿಯುತ್ತೆ, ಇದು ಅದುರುತ್ತೆ. ಇದರ ಹಿಂದೆ ಮೂರು ಪುಟ್ಟ ಮೂಳೆಗಳಿವೆ, ಒಂದಕ್ಕೊಂದು ಕೊಂಡಿ. ಒಂದು ಅಲ್ಲಾಡಿದ್ರೆ ಇನ್ನೊಂದನ್ನ ತಳ್ಳುತ್ತೆ, ಅದು ಮತ್ತೊಂದನ್ನ. ಹಾಗೆ ಒಳಕಿವಿಗೆ ಹೋಗುತ್ತೆ.”

“ಪುಶ್‌ರಾಡು, ರಾಕರು, ನಮ್ಮ ಎಂಜಿನ್ನಿನ ಥರಾನೇ,” ಎಂದು ಗೊಣಗಿದರು ದೊಡ್ಡ ಮೇಸ್ತ್ರಿ, ಮೆಚ್ಚಿಕೊಂಡವರ ಹಾಗೆ.

ಮುತ್ತಿನ ಬಣ್ಣದ, ಅಂಗಿಯ ಸಣ್ಣ ಗುಂಡಿಯಷ್ಟೇ ಅಗಲದ ಆ ತೊಗಲಿನ ಕೆಳಭಾಗದಲ್ಲಿ ಕಪ್ಪಗೆ ಒಂದು ತೂತು. ಚಿಕ್ಕವನು ಅದನ್ನು ನೋಡಿದ. ಸಿಗರೇಟಿನ ಕಿಡಿ ಬಿದ್ದು ಸುಟ್ಟ ಬಟ್ಟೆಯ ಹಾಗಿತ್ತು. ಇನ್ನು ಯಾವತ್ತೂ ಆ ತೂತನ್ನು ನೋಡದೆ ಕಣ್ಣು ಮುಚ್ಚಲಾರೆ ಎಂದು ಅವನಿಗೆ ಅಲ್ಲೇ ತಿಳಿಯಿತು.

“ಹೇಗಾಯ್ತು?”

“ಇಯರ್‌ಬಡ್ ಕಡ್ಡಿ,” ಎಂದರು ದೊಡ್ಡ ಮೇಸ್ತ್ರಿ ತಟ್ಟನೆ. “ತಾನಾಗೇ ಸ್ವಲ್ಪ ಒಳಗೆ ಹೋಯ್ತು.”

ಡಾಕ್ಟರಮ್ಮ ಪರದೆ ನೋಡಿದರು, ಆಮೇಲೆ ದೊಡ್ಡ ಮೇಸ್ತ್ರಿಯ ಕಪ್ಪು ಬೆರಳುಗಳನ್ನು ನೋಡಿದರು. ಇಂಥ ನೋಟವನ್ನು ಚಿಕ್ಕವನು ಬಲ್ಲ. ಗ್ಯಾರೇಜಿನಲ್ಲಿ ಭಾವ ಗಿರಾಕಿಗಳನ್ನು ನೋಡುತ್ತಿದ್ದದ್ದು ಹೀಗೆಯೇ.

“ತಲೆ ತಿರುಗಿತ್ತಾ? ಕಿವೀಲಿ ಗುಂಯ್ ಅಂತಿತ್ತಾ?”

“ಇಲ್ಲಪ್ಪ.”

“ಸರಿ. ಇಂಥವು ಬಹುಮಟ್ಟಿಗೆ ತಾವಾಗೇ ಮುಚ್ಕೊಳ್ಳುತ್ವೆ. ಆರು ವಾರ ಬೇಕು, ಕೆಲವರಿಗೆ ಮೂರು ತಿಂಗಳು. ನಾನು ಕೊಡೋ ದೊಡ್ಡ ಔಷಧಿ ಅಂದ್ರೆ, ಏನೂ ಹಾಕಬೇಡಿ ಅನ್ನೋದು. ಎಣ್ಣೆ ಬೇಡ, ಡ್ರಾಪ್ಸ್ ಬೇಡ, ನೀರು ಮೊದಲೇ ಬೇಡ. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸ್ಲೀನ್ ಸವರಿ ಕಿವಿಯ ಬಾಯಿಗೆ ಇಟ್ಕೊಳ್ಳಿ. ಮೂಗು ಜೋರಾಗಿ ಸೀಟಬೇಡಿ, ಒಳಗಿಂದ ಗಾಳಿ ಬಂದು ಕೂಡ್ತಿರೋದು ಮತ್ತೆ ಹರಿಯುತ್ತೆ. ಸೀನು ಬಂದ್ರೆ ಬಾಯಿ ತೆರೆದು ಸೀನಿ. ಸೋರಿದ್ರೆ, ಜ್ವರ ಬಂದ್ರೆ, ತಲೆ ತಿರುಗಿದ್ರೆ ಅವತ್ತೇ ಬನ್ನಿ.”

ಒಳಗಿಂದ ಗಾಳಿ ಎಂದಾಗ ಚಿಕ್ಕವನು ನೆಲ ನೋಡಿದ.

ಅಂದಿನಿಂದ ಅವನು ಆ ಕಿವಿಯ ಕಾವಲುಗಾರನಾದ. ಜೇಬಿನಲ್ಲಿ ವ್ಯಾಸ್ಲೀನ್ ಡಬ್ಬಿ, ಹತ್ತಿಯ ಸುರುಳಿ. ಕಾರು ತೊಳೆಯುವ ಪೈಪು ಶುರುವಾದರೆ ಎಲ್ಲಿದ್ದರೂ ಓಡಿ ಬಂದು ಭಾವನ ಎಡಕ್ಕೆ ಅಡ್ಡ ನಿಲ್ಲುತ್ತಿದ್ದ. ಭಾವನ ಮೂಗು ಸ್ವಲ್ಪ ಅರಳಿದರೂ ಸಾಕು, “ಬಾಯಿ! ಬಾಯಿ ಭಾವ!” ಎಂದು ಕೂಗುತ್ತಿದ್ದ. ಗಿರಾಕಿಗಳು ಬೆಚ್ಚಿ ತಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

“ಲೋ, ಸೀನು ಬರೋದಿದ್ರೂ ನಿನ್ನ ಕೂಗಿಗೆ ಹೆದರಿ ವಾಪಸ್ ಹೋಗುತ್ತೆ,” ಎಂದು ಭಾವ ಸಿಡುಕುತ್ತಿದ್ದರು. “ಹೆರಿಗೆ ಆದವಳನ್ನೂ ಯಾರೂ ಇಷ್ಟು ನೋಡ್ಕೊಳ್ಳಲ್ಲ.”

ಮನೆಯಲ್ಲಿ ಬೇರೆ ಪಾಠ. “ಇಷ್ಟು ವರ್ಷ ಕೇಳಿಸಿದ್ರೂ ಕೇಳಿಸದವರ ಹಾಗೆ ಇದ್ರಿ. ಈಗ ಕೇಳಿಸದೇ ಇದ್ರೂ ಕೇಳಿಸಿದವರ ಹಾಗೆ ತಲೆ ಆಡಿಸ್ತೀರಿ,” ಎನ್ನುತ್ತಿದ್ದಳು ಅಕ್ಕ. “ಇಯರ್‌ಬಡ್ ಹಾಕ್ಕೊಳ್ಳೋಕೆ ನಿಮಗೇನು ಎಳೆ ವಯಸ್ಸಾ?” ಭಾವ ತಟ್ಟೆಯ ಕಡೆ ನೋಡುತ್ತ ಬೈಸಿಕೊಳ್ಳುತ್ತಿದ್ದರು. ಎದುರಿಗೆ ಕೂತ ಚಿಕ್ಕವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತನ್ನ ಪಾಲಿನ ಬೈಗುಳವನ್ನು ಇನ್ನೊಬ್ಬರು ಉಣ್ಣುವುದನ್ನು ನೋಡುತ್ತ ಅನ್ನ ಉಣ್ಣುವುದು ಸುಲಭವಲ್ಲ.

ಆರು ವಾರಕ್ಕೆ ತೂತು ಅರ್ಧದಷ್ಟಾಗಿತ್ತು. “ಒಳ್ಳೇದು, ಇನ್ನೂ ಕಾಯೋಣ,” ಎಂದರು ಡಾಕ್ಟರಮ್ಮ.

ಅದಾದ ವಾರಕ್ಕೆ ಬೇಕರಿಯವರ ವ್ಯಾನು ಬಂತು. ಎಂಜಿನ್ನಿನ ಮುಂಭಾಗದಲ್ಲಿ ಎಲ್ಲೋ ಹಕ್ಕಿಮರಿಯಂಥ ಚಿಂವ್ ಚಿಂವ್. ಭಾವ ಸ್ಕ್ರೂಡ್ರೈವರ್ ಎತ್ತಿಕೊಂಡರು, ಅಭ್ಯಾಸಬಲದಿಂದ ಎಡಗಿವಿಗೆ ಒಯ್ದರು, ಅಲ್ಲೇ ತಡೆದು ಬಲಗಿವಿಗೆ ಹಿಡಿದರು. ಬಹಳ ಹೊತ್ತು ನಿಂತರು. ಸ್ಕ್ರೂಡ್ರೈವರ್ ಕೆಳಗಿಟ್ಟು ಬರಿಗಿವಿಯಲ್ಲೇ ಕೇಳಿದರು. ಬಾನೆಟ್ಟಿನ ಸುತ್ತ ಎರಡು ಸುತ್ತು ಬಂದರು.

“ಡೈನಮೋ ಬೇರಿಂಗು. ಬಿಚ್ಚು,” ಎಂದರು.

ಶಬ್ದ ಬರುತ್ತಿದ್ದದ್ದು ಡೈನಮೋದಿಂದಲ್ಲ, ಎದುರು ಬದಿಯ ನೀರಿನ ಪಂಪಿನಿಂದ. ಅದು ಚಿಕ್ಕವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬೇಕರಿಯ ಡ್ರೈವರನಿಗೂ ಬಹುಶಃ ಕೇಳುತ್ತಿತ್ತು. ಆದರೆ ಇಪ್ಪತ್ತಮೂರು ವರ್ಷದಲ್ಲಿ ಭಾವ ಹೇಳಿದ ಜಾಗವನ್ನು ಬಿಟ್ಟು ಬೇರೆ ಜಾಗ ಬಿಚ್ಚಿದವನಲ್ಲ ಅವನು. ಡೈನಮೋ ಬಿಚ್ಚಿದ. ಬೇರಿಂಗು ಹೊಸದರ ಹಾಗೆ ನುಣ್ಣಗೆ ತಿರುಗಿತು. ಭಾವ ಊಟಕ್ಕೆ ಹೋದಾಗ ಅದನ್ನು ವಾಪಸು ಜೋಡಿಸಿ, ಪಂಪು ಬದಲಾಯಿಸಿ, ಹಳೆಯ ಪಂಪನ್ನು ಗೋಣಿಚೀಲದ ಅಡಿಗೆ ತಳ್ಳಿದ. ಹಕ್ಕಿಮರಿ ಸುಮ್ಮನಾಯಿತು.

ಸಂಜೆ ಷಟರ್ ಎಳೆಯುವಾಗ ಭಾವ ಕೇಳಿದರು: “ಏನಾಗಿತ್ತು ವ್ಯಾನಿಗೆ?”

“ನೀವು ಹೇಳಿದ್ದೇ ಭಾವ. ಬೇರಿಂಗು.”

ಭಾವ ಬಗ್ಗಿ ಗೋಣಿಚೀಲ ಎತ್ತಿದರು. ಪಂಪು ಅಲ್ಲಿ ಕೂತಿತ್ತು.

“ನನಗೇ ಸುಳ್ಳು ಹೇಳೋಷ್ಟು ದೊಡ್ಡವನಾದ್ಯಾ?” ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಬೆಂಚಿನ ಮೇಲೆ ಕೂತು, ಪಂಪಿನ ರಾಟೆಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದರು. “ಶಬ್ದ ಕೇಳುತ್ತೆ ಕಣೋ. ಚೆನ್ನಾಗೇ ಕೇಳುತ್ತೆ, ಬಲಗಿವಿ ಇದೆಯಲ್ಲ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಎಲ್ಲಾನೂ ಬಲಗಡೆಯಿಂದಲೇ ಬಂದ ಹಾಗಿರುತ್ತೆ. ಮೊನ್ನೆ ರಸ್ತೆ ದಾಟುವಾಗ ಎಡಗಡೆಯಿಂದ ಬಸ್ಸು ಹಾರ್ನ್ ಹೊಡೆದ್ರೆ ನಾನು ಬಲಗಡೆ ನೋಡಿದೆ.”

ಚಿಕ್ಕವನು ಗೋಣಿಚೀಲವನ್ನು ಮಡಚುತ್ತ ನಿಂತ.

“ಇದು ಹೀಗೇ ಉಳಿದ್ರೆ ನಾನು ಇಲ್ಲಿ ಬೋಲ್ಟ್ ಬಿಗಿ ಮಾಡ್ಕೊಂಡು ಇರಬಹುದು ಅಷ್ಟೇ. ಮೇಸ್ತ್ರಿಕೆ ಆಗಲ್ಲ,” ಎಂದರು ಭಾವ. ಆಮೇಲೆ ಅವನ ಮುಖ ನೋಡಿ, ತಾವೇ ಸಮಾಧಾನ ಮಾಡಬೇಕಾದ ಪರಿಸ್ಥಿತಿ ಎಂದು ಕಂಡುಕೊಂಡು, “ಲೋ, ಬೋಲ್ಟ್ ಬಿಗಿ ಮಾಡೋದೂ ನಿನಗಿಂತ ಚೆನ್ನಾಗೇ ಮಾಡ್ತೀನಿ, ಹೆದರ್ಕೋಬೇಡ,” ಎಂದರು.

ಮೂರು ತಿಂಗಳಾದಾಗ ಅಕ್ಕನೂ ಜೊತೆಗೆ ಬಂದಳು. ಶಾಲೆಗೆ ರಜೆ ಹಾಕಿದ್ದಳು. ಡಾಕ್ಟರಮ್ಮ ಕ್ಯಾಮೆರಾ ಇಟ್ಟು ಬಹಳ ಹೊತ್ತು ನೋಡಿದರು. ತೂತು ಕುಗ್ಗಿ ಸಾಸಿವೆ ಕಾಳಿನಷ್ಟಾಗಿತ್ತು.

“ಇಲ್ಲಿಗೇ ನಿಂತುಬಿಟ್ಟಿದೆ. ಅಂಚು ಮಾಗಿ ದುಂಡಗಾಗಿ ಕೂತಿದೆ ನೋಡಿ. ಅದು ತನ್ನ ಕೆಲಸ ಮುಗೀತು ಅಂದ್ಕೊಂಡಿದೆ, ಇನ್ನು ತಾನಾಗಿ ಬೆಳೆಯೋದು ಕಷ್ಟ. ಆ ಅಂಚನ್ನ ಸ್ವಲ್ಪ ಕೆರೆದು ಹಸಿ ಮಾಡಿ, ಮೇಲೊಂದು ತೆಳು ಕಾಗದದ ಚೂರು ಇಟ್ರೆ, ಅದನ್ನೇ ಏಣಿ ಮಾಡ್ಕೊಂಡು ಚರ್ಮ ಬೆಳೆಯುತ್ತೆ. ಇಲ್ಲೇ ಮಾಡಬಹುದು.”

ದೊಡ್ಡ ಮೇಸ್ತ್ರಿ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಉತ್ಸಾಹದಿಂದ ನೆಟ್ಟಗೆ ಕೂತರು. “ಟ್ಯೂಬಿಗೆ ಪ್ಯಾಚ್ ಹಾಕೋ ಮುಂಚೆ ನಾವೂ ಉಜ್ಜುತ್ತೀವಿ! ಉಜ್ಜದೇ ಇದ್ರೆ ಹತ್ತಲ್ಲ. ಸಲ್ಯೂಷನ್ ಯಾವುದು ಹಾಕ್ತೀರಿ?”

“ಸಲ್ಯೂಷನ್ ಬೇಡ. ಕಿವಿಯ ತೇವಕ್ಕೇ ಅಂಟ್ಕೊಳ್ಳುತ್ತೆ.”

“ಅದಕ್ಕೂ ಆಗದೇ ಇದ್ರೆ?” ಎಂದಳು ಅಕ್ಕ.

“ಆಗದಿದ್ರೆ ಆಪರೇಷನ್. ಕಿವಿಯ ಮೇಲ್ಗಡೆ, ಕೂದಲ ಒಳಗೆ, ಸ್ನಾಯುವಿನ ಮೇಲೆ ಒಂದು ತೆಳು ಪೊರೆ ಇರುತ್ತೆ. ಅದರಲ್ಲೊಂದು ಚೂರು ತೆಗೆದು ತಮಟೆಗೆ ತೇಪೆ ಹಾಕೋದು.”

“ನನ್ನದು ತಗೊಳ್ಳಿ,” ಎಂದ ಚಿಕ್ಕವನು ಬಾಗಿಲ ಬಳಿಯಿಂದ.

ಮೂವರೂ ತಿರುಗಿ ನೋಡಿದರು.

“ಅವರ ತಲೇಲೇ ಬೇಕಾದಷ್ಟು ಇದೆಯಲ್ಲ,” ಎಂದರು ಡಾಕ್ಟರಮ್ಮ.

“ಅವರಿಗ್ಯಾಕೆ ಇನ್ನೊಂದು ಗಾಯ? ನನ್ನದೇ ತಗೊಳ್ಳಿ. ಎರಡೂ ಕಡೆಯಿಂದ ತಗೊಳ್ಳಿ, ಒಂದು ಸ್ಪೇರ್ ಇರಲಿ.”

“ಬೇರೆಯವರದ್ದು ಹಾಕಲ್ಲಪ್ಪ. ಸ್ವಂತದ್ದೇ ಚೆನ್ನಾಗಿ ಹೊಂದೋದು.”

“ಒರಿಜಿನಲ್ಲೇ ಆಗ್ಬೇಕು ಕಣೋ, ಲೋಕಲ್ ಮಾಲು ನಡೆಯಲ್ಲ,” ಎಂದು ಭಾವ ನಕ್ಕರು. ಡಾಕ್ಟರಮ್ಮನೂ ನಕ್ಕರು. ಚಿಕ್ಕವನು ನಗಲಿಲ್ಲ.

“ನಾನೇ ಡಾಕ್ಟ್ರೇ ಮಾಡಿದ್ದು. ಇಯರ್‌ಬಡ್ ಅಲ್ಲ. ಕಂಪ್ರೆಸರಿನ ಗಾಳಿ. ಈ ಕೈಯಿಂದಲೇ ಬಿಟ್ಟೆ.”

ಕೈಯನ್ನು ಮುಂದೆ ಚಾಚಿ ತೋರಿಸಿದ, ಅದು ಬೇರೆ ಯಾರದೋ ಎಂಬ ಹಾಗೆ.

“ನಾನೇ ಬಿಡು ಅಂದಿದ್ದು,” ಎಂದರು ಭಾವ. “ಅವನು ಬೇಡ ಅಂದ.”

“ಬೇಡ ಅಂದ್ಮೇಲೆ ಬಿಡಬಾರದಿತ್ತು,” ಎಂದ ಚಿಕ್ಕವನು.

ಅಕ್ಕ ಮೊದಲು ಗಂಡನ ಕಡೆ ತಿರುಗಿದಳು.

“ಮನೇಲಿದ್ದ ಇಯರ್‌ಬಡ್ ಡಬ್ಬಿಯೆಲ್ಲ ಎಸೆದೆ. ಪಕ್ಕದ ಮನೆಯವರದ್ದೂ ಎಸೆಸಿದೆ. ಶಾಲೇಲಿ ಐವತ್ತು ಮಕ್ಕಳ ಎದುರು ನನ್ನ ಗಂಡನ್ನೇ ಉದಾಹರಣೆ ಕೊಟ್ಟು ಪಾಠ ಮಾಡಿದೀನಿ ಕಣ್ರೀ!”

“ಪಾಠ ಏನೂ ತಪ್ಪಲ್ಲ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಅದನ್ನೂ ಹಾಕ್ಕೋಬಾರದು.”

ಆಮೇಲೆ ಅಕ್ಕ ತಮ್ಮನ ಬಳಿ ಹೋದಳು. ಅವನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. “ಮೂರು ತಿಂಗಳಿಂದ ಅನ್ನ ಬಿಟ್ಟಿದ್ದು ಇದಕ್ಕಾ? ನಾನು ಹೊಟ್ಟೆಹುಣ್ಣು ಅಂತ ದಿನಾ ಮಜ್ಜಿಗೆ ಕುಡಿಸ್ತಿದ್ದೆನಲ್ಲೋ,” ಎಂದಳು. ಮಡಿಚಿಕೊಂಡಿದ್ದ ಅವನ ಕಾಲರನ್ನು ಎಳೆದು ಸರಿ ಮಾಡಿದಳು. ಅದು ಸರಿಯಾದ ಮೇಲೂ ಕೈ ತೆಗೆಯಲಿಲ್ಲ.

ಡಾಕ್ಟರಮ್ಮ ಈಗ ನಗುತ್ತಿರಲಿಲ್ಲ. “ಗಾಳಿ ಅಂತ ಅವತ್ತೇ ಹೇಳಬೇಕಿತ್ತು. ಇನ್ನಷ್ಟು ಹತ್ತಿರ ಹಿಡಿದಿದ್ರೆ ಮೂಳೆಗಳೂ ಜಾಗ ಬಿಟ್ಟಿರೋವು. ಒಳಕಿವಿಗೆ ಪೆಟ್ಟಾಗಿದ್ರೆ ನಾನು ಎಷ್ಟು ಪ್ಯಾಚ್ ಹಾಕಿದ್ರೂ ಪ್ರಯೋಜನ ಇಲ್ಲ. ಈಗ ನಿಜ ಹೇಳಿ, ತಲೆ ತಿರುಗಿತ್ತಾ?”

“ಸ್ವಲ್ಪ,” ಎಂದರು ದೊಡ್ಡ ಮೇಸ್ತ್ರಿ. “ಟೈರ್ ಮೇಲೆ ಕೂತಿದ್ದೆ, ಟೈರ್ ಓಡ್ತಿತ್ತು.”

ಅವರನ್ನು ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಗೆ ಕರೆದೊಯ್ದು, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ಹೊರಗೆ ಚಿಕ್ಕವನಿಗೆ ಶಬ್ದ ಕೇಳಿಸುವಂತಿರಲಿಲ್ಲ, ಭಾವನ ಹೆಬ್ಬೆರಳು ಮಾತ್ರ ಕಾಣುತ್ತಿತ್ತು. ಬಲಗಿವಿಗೆ ಅದು ಟಕಟಕನೆ ಎದ್ದು ಬಿದ್ದಿತು. ಎಡಗಿವಿಗೆ ಬಂದಾಗ ನಿಂತಿತು. ಅವನು ಗಾಜಿಗೆ ಹಣೆ ಹಚ್ಚಿ, ಒತ್ತಿ ಭಾವ ಒತ್ತಿ ಎಂದು ಮನಸ್ಸಿನಲ್ಲೇ ನೂಕಿದ. ಒತ್ತಿದರು. ಮತ್ತೆ ಒಂದು ತಡ, ಮತ್ತೆ ಒತ್ತಿದರು. ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಒಂದು ಪುಟ್ಟ ಪೆಟ್ಟಿಗೆ ಇಟ್ಟು, ಅದುರಿಕೆಯನ್ನು ತಮಟೆಯ ದಾರಿ ತಪ್ಪಿಸಿ ನೇರ ಒಳಕ್ಕೆ ಕಳಿಸಿದರು. ಈ ಸಲ ಹೆಬ್ಬೆರಳು ಬಲಗಿವಿಗೆ ಕುಣಿದಷ್ಟೇ ಚುರುಕಾಗಿ ಕುಣಿಯಿತು.

“ಒಳಗೆ ಏನೂ ಆಗಿಲ್ಲ. ಬಚಾವಾದಿರಿ,” ಎಂದರು ಡಾಕ್ಟರಮ್ಮ ಗೆರೆಗಳ ಕಾಗದ ನೋಡುತ್ತ. “ಇರೋದು ತೂತಿನ ತೊಂದರೆ ಮಾತ್ರ. ಇವತ್ತೇ ಹಾಕೋಣ.”

ದೊಡ್ಡ ಮೇಸ್ತ್ರಿಯನ್ನು ಬಲಕ್ಕೆ ಮಗ್ಗುಲಾಗಿ ಮಲಗಿಸಿದರು. ಬಲಗಿವಿ ದಿಂಬಿನಲ್ಲಿ ಪೂರ್ತಿ ಹೂತುಹೋಗಿತ್ತು, ಎಡಗಿವಿ ಮೇಲೆ. ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಳು. ಚಿಕ್ಕವನು ಬಾಗಿಲಿಗೆ ಬೆನ್ನು ಹಚ್ಚಿ ಒಳಗೇ ನಿಂತ. ಹೋಗು ಎಂದು ಯಾರೂ ಹೇಳಲಿಲ್ಲ. ಮರಗಟ್ಟಿಸುವ ಔಷಧಿಯಾಯಿತು. ದೊಡ್ಡ ಸೂಕ್ಷ್ಮದರ್ಶಕವನ್ನು ಎಳೆದುಕೊಂಡು, ಡಾಕ್ಟರಮ್ಮ ಕೂದಲಿನಷ್ಟು ಸಣ್ಣ ಕೊಕ್ಕೆಯಿಂದ ತೂತಿನ ಅಂಚನ್ನು ಸುತ್ತಲೂ ಕೆರೆದರು. ಭಾವನ ಕಾಲ್ಬೆರಳುಗಳು ಮುದುಡಿಕೊಂಡವು. ಆಮೇಲೆ ಚಿಮಟಿಗೆಯ ತುದಿಯಲ್ಲಿ, ಕಂಡೂ ಕಾಣದ ಹಾಗೆ, ಒಂದು ಬಿಳಿಯ ಚುಕ್ಕೆ ಒಳಗಿಳಿಯಿತು. ಇಪ್ಪತ್ತಮೂರು ವರ್ಷದಲ್ಲಿ ಸಾವಿರಾರು ಪ್ಯಾಚು ಹಾಕಿದ್ದ ಚಿಕ್ಕವನು ಅಷ್ಟು ಸಣ್ಣದನ್ನು ಕಂಡಿರಲಿಲ್ಲ. ಕಣ್ಣು ಮಂಜಾಯಿತು, ಮೂಗು ಸೋರತೊಡಗಿತು. ಶಬ್ದವಾಗದಂತೆ ಮೆಲ್ಲಗೆ, ಬಹಳ ಮೆಲ್ಲಗೆ, ಒಳಕ್ಕೆ ಎಳೆದುಕೊಂಡ.

“ಯಾರದು ಮೂಗು ಎಳೀತಿರೋದು?” ಎಂದರು ದೊಡ್ಡ ಮೇಸ್ತ್ರಿ ದಿಂಬಿನೊಳಗಿಂದ.

ಡಾಕ್ಟರಮ್ಮನ ಕೈ ಚಿಮಟಿಗೆಯ ಸಮೇತ ಗಾಳಿಯಲ್ಲೇ ನಿಂತಿತು. ಬಾಗಿಲಿಗೂ ಮಂಚಕ್ಕೂ ನಡುವೆ ಎಂಟು ಅಡಿ ದೂರವಿತ್ತು, ಬಲಗಿವಿ ದಿಂಬಿನೊಳಗಿತ್ತು.

“ಮಾತಾಡ್ಬೇಡಿ, ತಲೆ ಅಲ್ಲಾಡಿಸ್ಬೇಡಿ,” ಎಂದರು ಡಾಕ್ಟರಮ್ಮ. ಆದರೆ ಮುಖಗವಸಿನ ಮೇಲೆ ಅವರ ಕಣ್ಣು ನಗುತ್ತಿತ್ತು. “ಇದು ಇನ್ನೂ ಕೂರಬೇಕು. ಎರಡು ವಾರ ಜೋಪಾನ. ಕೆಲವರಿಗೆ ಎರಡನೇ ಸಲ ಹಾಕ್ಬೇಕಾಗುತ್ತೆ.”

“ಮೂಗು ಸೀಟಬಾರದು ಅಂದಿರೋದು ನನಗೆ,” ಎಂದರು ದೊಡ್ಡ ಮೇಸ್ತ್ರಿ ತುಟಿಯನ್ನಷ್ಟೇ ಅಲ್ಲಾಡಿಸಿ. “ಅವನಿಗ್ಯಾರು ಬೇಡ ಅಂದ್ರು? ಹೋಗೋ, ಹೊರಗೆ ಹೋಗಿ ಸೀಟ್ಕೊಂಡು ಬಾ. ತಲೆ ಚಿಟ್ಟು ಹಿಡೀತಿದೆ ನಿನ್ನ ಸೊರಸೊರ.”

ಚಿಕ್ಕವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಅಕ್ಕ ಬೆಂಚಿನಿಂದ ಎದ್ದಳು. ಅವನು ಜೇಬಿನಿಂದ ಗ್ರೀಸಿನ ಕಲೆಯ ಕರ್ಚೀಫು ತೆಗೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಮೂಗು ಸೀಟಿದ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಅದು ಲಾರಿಯ ಹಾರ್ನಿನಂತೆ ಮೊಳಗಿತು. ಕೊನೆಯ ಬೆಂಚಿನವರೂ ತಿರುಗಿ ನೋಡಿದರು.

ಮುಚ್ಚಿದ ಬಾಗಿಲಿನ ಆಚೆಯಿಂದ ಭಾವನ ದನಿ ಬಂತು: “ಕೇಳಿಸ್ತು ಕಣೋ!” ಅದರ ಹಿಂದೆಯೇ ಡಾಕ್ಟರಮ್ಮನ ಗದರಿಕೆ.

ಅಕ್ಕ ತಮ್ಮನ ತೋಳು ಹಿಡಿದುಕೊಂಡಳು.

“ಇನ್ನೊಂದ್ಸಲ ಸೀಟೋ,” ಎಂದಳು.